ಕಿವಿ ಪಾಸಾದ ಮೇಲೆ

ನನ್ನ ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯಲ್ಲಿ ನನ್ನನ್ನು ಯಾರೂ ನಂಬದಂತಾಯಿತು. ಅಲ್ಲಿಯವರೆಗೆ ನಾನು ಕಿವಿ ಮಂದವಾದ ಸೊಸೆ. ಅಂದಿನಿಂದ ಬೇಕೆಂದೇ ಕೇಳಿಸಿಕೊಳ್ಳದ ಸೊಸೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಅತ್ತೆಯ ಜೊತೆ ಒಂದೇ ಮನೆಯಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಹಳೇಬೀಡಿನ ಪಕ್ಕದ ಹುಲಿಕೆರೆ. ನನ್ನ ತವರು ಅರಸೀಕೆರೆ ಕಡೆಯ ಒಂದು ಹಳ್ಳಿ. ಗಂಡ ಲೋಕೇಶ್ ಬೇಲೂರಿನ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ. ನಾನು ನಡುಮನೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ತೋಟ, ಹಸು, ಅಟ್ಟ ಮೂರೂ ನನ್ನ ಅತ್ತೆ ಗೌರಮ್ಮನವರ ರಾಜ್ಯ. ಮಗಳು ಯಶು ಈಗ ಅಂಗನವಾಡಿಗೆ ಹೋಗುತ್ತಾಳೆ. ಈ ಕತೆ ನಡೆದಾಗ ಅವಳಿಗೆ ಆಗಷ್ಟೇ ಮಾತು ಬರುತ್ತಿತ್ತು.

ಅಟ್ಟದ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಕೊಬ್ಬರಿಗೆಂದು ಉಳಿಸಿದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಒಳಗೇ ಉಂಡೆಯಾಗುತ್ತದೆ. ಅದಕ್ಕೆ ಗಿಟುಕು ಎನ್ನುತ್ತೇವೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ. ಲೊಟಲೊಟ ಎಂದರೆ ಗಿಟುಕಾಗಿದೆ. ಅವಸರಪಟ್ಟು ಒಡೆದರೆ ಒಳಗೆ ಅರ್ಧ ಹಸಿ, ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ತವರಿನಲ್ಲಿ ನಾನು ಈ ಕೆಲಸ ಮಾಡಿಕೊಂಡೇ ಬೆಳೆದವಳು. ಅತ್ತೆ ನನ್ನನ್ನು ಮನಸಾರೆ ಒಪ್ಪಿಕೊಂಡಿದ್ದು ಇದೊಂದು ವಿದ್ಯೆಗೆ. ವಯಸ್ಸಿನಿಂದ ಅವರ ಕಿವಿ ಸಣ್ಣ ಸದ್ದುಗಳಿಗೆ ಮಂದವಾಗಿತ್ತು. ಮಾತು ಕೇಳುತ್ತಿತ್ತು, ಕಾಯೊಳಗಿನ ಸದ್ದು ಕೇಳುತ್ತಿರಲಿಲ್ಲ. ಅದನ್ನು ಅವರು ಯಾರ ಮುಂದೆಯೂ ಒಪ್ಪುವವರಲ್ಲ. "ಅರಸೀಕೆರೆ ಹುಡ್ಗಿ, ಕೈಗೆ ಕೊಟ್ರೆ ಸಾಕು ಹೇಳ್ತಾಳೆ" ಎಂದು ನೆರೆಮನೆಯವರಿಗೆಲ್ಲ ಹೇಳಿ, ಅಟ್ಟ ಹತ್ತುವ ಕೆಲಸವನ್ನು ಜಾಣತನದಿಂದ ನನಗೆ ದಾಟಿಸಿದ್ದರು.

ಯಶು ಹೊಟ್ಟೆಯಲ್ಲಿದ್ದಾಗ ಮಾತುಗಳು ಕೆಡಲು ಶುರುವಾದವು. ಕೆಡುವುದು ಎಂದೇ ಹೇಳಬೇಕು, ಕಡಿಮೆಯಾಗುವುದು ಅಲ್ಲ. ದನಿ ಪೂರ್ತಿ ಬರುತ್ತಿತ್ತು. ಗಂಡಸಿನದೋ ಹೆಂಗಸಿನದೋ, ಸಿಟ್ಟಿನದೋ ನಗುವಿನದೋ ಎಲ್ಲ ತಿಳಿಯುತ್ತಿತ್ತು. ಮಾತು ಮಾತ್ರ ಅದರೊಳಗೆ ಇರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಟೀವಿ ಹಾಕಿದರೆ ಗೋಡೆಯ ಈಚೆಗೆ ಹೇಗೆ ಕೇಳುತ್ತದೋ ಹಾಗೆ. ಫೋನಿನಲ್ಲಿ ಅಮ್ಮ ಮಾತಾಡಿದರೆ ಅಮ್ಮ ಎಂದು ಗೊತ್ತು, ಏನು ಹೇಳಿದಳೆಂದು ಗೊತ್ತಿಲ್ಲ. ಹೂಂಗುಟ್ಟುತ್ತಿದ್ದೆ. ದೂರದ ಚಿಕ್ಕಪ್ಪ ತೀರಿಕೊಂಡ ಸುದ್ದಿಗೆ "ಹೂಂ, ಒಳ್ಳೇದಾಯ್ತು ಬಿಡಮ್ಮ" ಎಂದೆನಂತೆ. ಅಮ್ಮ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಆಗ ನಕ್ಕಿರಲಿಲ್ಲ.

ಊಹೆಯ ಮೇಲೆ ಬದುಕುವುದನ್ನು ಕಲಿತೆ. ಬಸ್ಸಿನಲ್ಲಿ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಆಧಾರ್ ಕಾರ್ಡು ಮುಂದೆ ಹಿಡಿದು ಊರಿನ ಹೆಸರು ಹೇಳುತ್ತಿದ್ದೆ. ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಿದವರು ಕೇಳುವುದು ಒಂದೇ, ಕಲ್ಯಾಣಿ ಎಲ್ಲಿ ಎಂದು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಆ ಹಳೆಯ ಕಲ್ಲಿನ ಕೊಳ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಹಾಗಾಗಿ ಕಾರಿನ ಗಾಜು ಇಳಿದ ಕೂಡಲೇ ನಾನು ಆ ಕಡೆ ಕೈ ತೋರಿಸಿಬಿಡುತ್ತಿದ್ದೆ. ಒಮ್ಮೆ ಒಬ್ಬಾಕೆ ಕಂಕುಳಲ್ಲಿ ಮಗು ಎತ್ತಿಕೊಂಡು ಏನೋ ಕೇಳಿದರು, ನಾನು ಕಲ್ಯಾಣಿ ತೋರಿಸಿದೆ, ಅವರು ಮುಖ ಸಿಂಡರಿಸಿಕೊಂಡು ಹೋದರು. ಕೇಳಿದ್ದು ಬಚ್ಚಲುಮನೆ ಎಂದು ಆಮೇಲೆ ಅತ್ತೆ ಹೇಳಿದರು.

ಬಾಣಂತನ ಮುಗಿಯುವ ಹೊತ್ತಿಗೆ ಇದು ಹೆಚ್ಚಾಯಿತು. ಅಮ್ಮನೇ ನನ್ನನ್ನು ಅರಸೀಕೆರೆಯಲ್ಲಿ ಒಬ್ಬ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಕಾಯುವ ಕೋಣೆ ತುಂಬ ಜನ, ಎಲ್ಲರೂ ಕಿವಿಯವರೇ. ಆದರೂ ಬಾಗಿಲಲ್ಲಿ ನಿಂತ ಹೆಂಗಸು ಒಬ್ಬೊಬ್ಬರ ಹೆಸರನ್ನು ಬಾಯಲ್ಲೇ ಕೂಗುತ್ತಿದ್ದಳು. ಒಂದು ಹೆಸರಿಗೆ ಯಾರೂ ಏಳುತ್ತಿರಲಿಲ್ಲ, ಇನ್ನೊಂದಕ್ಕೆ ಇಬ್ಬರು ಏಳುತ್ತಿದ್ದರು. ಪ್ರತಿ ಸಲ ಬಾಗಿಲು ತೆರೆದಾಗಲೂ ಕೋಣೆಯ ಮುಖಗಳೆಲ್ಲ ಅವಳ ಬಾಯಿಯ ಕಡೆ ತಿರುಗುತ್ತಿದ್ದವು. ನನ್ನ ಹಾಗೆ ಇನ್ನೂ ಇದ್ದಾರೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಅಲ್ಲಿ.

ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಮೊಬೈಲಿನಷ್ಟು ದೊಡ್ಡ ಒಂದು ಮಿಷನ್ ತೆಗೆದು, ಅದರ ತುದಿಯ ಮೆತ್ತನೆ ಬಿರಡೆಯನ್ನು ನನ್ನ ಕಿವಿಯೊಳಗೆ ಕೂರಿಸಿದರು. ಆ ಮಿಷನ್ನಿನ ಪರಿಚಯ ನನಗಿತ್ತು. ಯಶು ಹುಟ್ಟಿದಾಗ ಅವಳು ನಿದ್ದೆಯಲ್ಲಿರುವಾಗಲೇ ಅದನ್ನು ಅವಳ ಕಿವಿಗಿಟ್ಟಿದ್ದರು. ಅದು ಕಿವಿಯೊಳಕ್ಕೆ ಟಿಕ್‌ಟಿಕ್ ಎಂದು ಸದ್ದು ಬಿಡುತ್ತದೆ. ಒಳಗಿವಿ ಸರಿ ಇದ್ದರೆ ಅದು ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲವಂತೆ, ತಾನೂ ಒಂದು ಸಣ್ಣ ಸದ್ದು ಹುಟ್ಟಿಸಿ ಹೊರಗೆ ಕಳಿಸುತ್ತದಂತೆ. ಆ ಸದ್ದನ್ನು ಮಿಷನ್ ಹಿಡಿದು ಅಳೆಯುತ್ತದೆ. ಕಿವಿಯ ಯಜಮಾನರಿಗೆ ಮಾತ್ರ ಅದು ಕೇಳುವುದಿಲ್ಲ. ನಾವು ಅಟ್ಟದ ಕಾಯಿಗೆ ಮಾಡುವುದನ್ನೇ ಇವರು ನನ್ನ ಕಿವಿಗೆ ಮಾಡುತ್ತಿದ್ದಾರೆ ಎಂದುಕೊಂಡು ಕೈಕಟ್ಟಿ ಕೂತಿದ್ದೆ.

ಮಿಷನ್ನಿನಲ್ಲಿ ಹಸಿರು ದೀಪ ಬಂತು. ಎರಡೂ ಕಿವಿಗೆ ಬಂತು. ಡಾಕ್ಟರು ಅದನ್ನು ಅಮ್ಮನ ಕಡೆ ತಿರುಗಿಸಿ ತೋರಿಸಿ, "ಪಾಸ್. ಕಿವಿ ಚೆನ್ನಾಗಿದೆ. ಹೆರಿಗೆ ಆದ್ಮೇಲೆ ಸುಸ್ತು, ನಿದ್ದೆ ಇರಲ್ಲ, ಮನಸ್ಸು ಎಲ್ಲೋ ಇರುತ್ತೆ. ಸರಿಹೋಗುತ್ತೆ" ಎಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಅವರ ಮಿಷನ್ ಸುಳ್ಳು ಹೇಳಿರಲಿಲ್ಲ.

ಅಮ್ಮ ಬಸ್‌ಸ್ಟ್ಯಾಂಡಿನಲ್ಲೇ ಸಮಾಧಾನದಿಂದ ಎರಡು ಸಲ ಟೀ ಕುಡಿದಳು. ಸುದ್ದಿ ಹುಲಿಕೆರೆಗೆ ನನಗಿಂತ ಮೊದಲು ಮುಟ್ಟಿತ್ತು. ಅತ್ತೆ ಜಗಲಿಯಲ್ಲಿ ಕಾಯುತ್ತ ಕೂತಿದ್ದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಟ್ಟದಿಂದ ಇಳಿಸಿಟ್ಟಿದ್ದ ಒಂದು ಬುಟ್ಟಿ ಕಾಯಿಯನ್ನು ನನ್ನ ಮುಂದೆ ತಂದಿಟ್ಟರು. ಲೋಕೇಶ್ ಅಲ್ಲೇ ನಿಂತಿದ್ದರು. ಅತ್ತೆ ನನ್ನ ಮುಖದೆದುರು ಬಂದು ಹೇಳಿದ್ದರಿಂದ ಮಾತು ತಿಳಿಯಿತು.

"ಯಾವ್ದು ಆಗೈತೆ, ಯಾವ್ದು ಆಗಿಲ್ಲ, ಹೇಳು ನೋಡೋಣ."

ನಾನು ಒಂದೊಂದೇ ಎತ್ತಿ ಅಲ್ಲಾಡಿಸಿ ಎರಡು ಗುಡ್ಡೆ ಮಾಡಿದೆ. ಅತ್ತೆ ಮಚ್ಚು ತಂದು ಎರಡರಿಂದಲೂ ಒಂದಿಷ್ಟು ಒಡೆದು ನೋಡಿದರು. ಒಂದೂ ತಪ್ಪಿರಲಿಲ್ಲ.

"ನೋಡ್ಲಾ ಲೋಕಿ, ಚಿಪ್ಪೊಳಗಿನ ಸದ್ದು ಕೇಳ್ತೈತೆ ನಿನ್ ಹೆಂಡ್ತಿಗೆ. ಅತ್ತೆ ಕರೆದ್ರೆ ಮಾತ್ರ ಕೇಳಕ್ಕಿಲ್ಲ" ಎಂದರು. ಲೋಕೇಶ್ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಡೆದ ಚಿಪ್ಪನ್ನು ಆಯತೊಡಗಿದರು.

ನಮ್ಮ ಜನಕ್ಕೆ ಕಿವಿಯ ಪರೀಕ್ಷೆ ಎಂದರೆ ಅದೇ. ಕಾಯಿ ತಿಳಿದರೆ ಕಿವಿ ಸರಿ. ಬೇರೆ ಯಾವ ಊರಿನವರೂ ಮಾಡಲಾರದ ತಪ್ಪು ಅದು, ನಮ್ಮವರು ಮಾಡದೇ ಇರಲಾರದ ತಪ್ಪು. ನಾನೂ ಅದನ್ನೇ ಮಾಡಿದೆ. ಎರಡು ಪರೀಕ್ಷೆಯಲ್ಲೂ ಪಾಸಾದ ಮೇಲೆ ನನ್ನ ಮೇಲೆ ನನಗೇ ಅನುಮಾನ ಬಂತು. ನಿಜವಾಗಿ ನನಗೆ ಕೇಳುತ್ತಿದೆಯೇನೋ, ಒಳಗೆ ಎಲ್ಲೋ ಯಾರ ಮಾತೂ ಬೇಡ ಎಂದು ನಾನೇ ಬಾಗಿಲು ಹಾಕಿಕೊಂಡಿದ್ದೇನೇನೋ ಎಂದು. ಇಡೀ ಕಾಯಿಲೆಯಲ್ಲಿ ನನಗೆ ಅತಿ ಹೆಚ್ಚು ಭಯವಾಗಿದ್ದು ಈ ಯೋಚನೆಗೆ. ಭಯವೂ ಹೆಚ್ಚು ದಿನ ಉಳಿಯಲಿಲ್ಲ. ಆಮೇಲೆ ಏನೂ ಅನ್ನಿಸದಂತಾಯಿತು. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಜೋಮು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿಡುವ ಹಾಗೆ ನನ್ನನ್ನು ನಾನೇ ಎತ್ತಿ ಅಡುಗೆಮನೆಗೆ, ಮಿಷನ್ನಿಗೆ, ಹಾಸಿಗೆಗೆ ಇಡುತ್ತಿದ್ದೆ.

ಯಶುಗೆ ಮಾತು ಬಂದಿದ್ದು ಆ ದಿನಗಳಲ್ಲಿ. ಅವಳು ಒಂದೊಂದು ಹೊಸ ಮಾತು ಆಡಿದಾಗಲೂ ಅತ್ತೆ, ಲೋಕೇಶ್ ನಕ್ಕು ಎತ್ತಿಕೊಳ್ಳುತ್ತಿದ್ದರು. ನನಗೆ ಅವಳ ದನಿ ಮಾತಿಲ್ಲದ ಗಿಣಿಯ ಕೂಗಿನಂತೆ ಕೇಳುತ್ತಿತ್ತು. ಇಷ್ಟು ಗಿಡ್ಡ ಮಗು, ನಾನು ಮಿಷನ್ ಮುಂದೆ ಕೂತಾಗ ಅವಳ ಮುಖ ನನ್ನ ಮೊಣಕಾಲ ಹತ್ತಿರ ಇರುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಅವಳು ಏನು ಹೇಳಿದರೂ ನಾನು "ಆಮೇಲೆ ಕೊಡ್ತೀನಿ ಕಂದ" ಎನ್ನುತ್ತಿದ್ದೆ. ಮಕ್ಕಳು ಕೇಳುವುದೆಲ್ಲ ಕೊಡುವುದೇ ತಾನೆ ಎಂದು ನನ್ನ ಊಹೆ.

ಅಟ್ಟದ ಕೆಲಸವನ್ನು ಅತ್ತೆ ನನ್ನಿಂದ ಕಿತ್ತುಕೊಂಡಿದ್ದರು. ಸೊಕ್ಕಿನ ಕಿವಿಯ ಹಂಗು ತಮಗೆ ಬೇಡ ಎನ್ನುವಂತೆ ತಾವೇ ಏಣಿ ಹತ್ತಿ ಕಾಯಿ ಅಲ್ಲಾಡಿಸುತ್ತಿದ್ದರು. ಕೇಳದ ಸದ್ದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರೆಂದು ಈಗ ಗೊತ್ತು. ಒಂದು ಮಧ್ಯಾಹ್ನ ನಾನು ಹೊಲಿಯುತ್ತಿದ್ದೆ. ಹಿತ್ತಿಲ ಕಡೆಯಿಂದ ಅತ್ತೆಯ ದನಿ ಬಂತು, ಜೋರಾಗಿ, ಬಿಟ್ಟೂಬಿಡದೆ. ದಿನವೂ ಬರುವ ದನಿಯೇ. ಹಸು ಹಗ್ಗ ಬಿಚ್ಚಿಕೊಂಡಿರಬೇಕು, ನನ್ನನ್ನು ಬೈಯುತ್ತಿರಬೇಕು ಎಂದುಕೊಂಡು ತೋಳಿನ ಹೊಲಿಗೆ ಮುಂದುವರಿಸಿದೆ. ಯಶು ಓಡಿ ಬಂದು ಮೊಣಕಾಲ ಹತ್ತಿರ ಏನೋ ಹೇಳಿ ಸೀರೆ ಎಳೆದಳು. "ಆಮೇಲೆ ಕೊಡ್ತೀನಿ ಕಂದ" ಎಂದೆ. ಅವಳು ಮತ್ತೆ ಹಿತ್ತಿಲಿಗೆ ಓಡಿದಳು, ಮತ್ತೆ ಬಂದಳು. ನಾನು ಎರಡನೇ ತೋಳನ್ನೂ ಹೊಲಿದೆ.

ಕೊನೆಗೆ ಬಂದಿದ್ದು ಪಕ್ಕದ ಮನೆಯ ಜಯಕ್ಕ, ಬೇಲಿ ದಾಟಿ. ಅತ್ತೆ ಹಿತ್ತಿಲಿನಿಂದ ಅಟ್ಟಕ್ಕೆ ಹಾಕಿದ ಏಣಿಯಿಂದ ಜಾರಿ ಕೈ ಮೇಲೆ ಬಿದ್ದಿದ್ದರು. ಮುಂಗೈ ಮುರಿದಿತ್ತು. ನಾನು ಹಿತ್ತಿಲಿಗೆ ಹೋದಾಗ ಅವರು ಮಣ್ಣಿನಲ್ಲಿ ಕೂತು, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಅವರು ಬೈಯದೇ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಂಜೆ ಲೋಕೇಶ್ ನನ್ನ ಎದುರು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಅವ್ವ ಅಷ್ಟೊತ್ತು ಕೂಗೈತೆ. ಮಗು ಬಂದು ಹೇಳೈತೆ. ನೀನು ಏಳ್ಲಿಲ್ಲ. ಕಿವಿ ಸರಿ ಐತೆ ಅಂತ ಡಾಕ್ಟ್ರೇ ಹೇಳವ್ರೆ. ನಾನೇನು ತಿಳ್ಕಬೇಕು ಶೋಭಾ?"

ಅವರು ಕೇಳಿದ್ದನ್ನೇ ನಾನೂ ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಮರುದಿನ ಬಟ್ಟೆ ಕಟ್ಟಿಕೊಂಡು ತವರಿಗೆ ಹೋಗು ಎಂದಿದ್ದರೆ ಹೋಗುತ್ತಿದ್ದೆ, ಯಶುವನ್ನು ಇಲ್ಲೇ ಬಿಡು ಎಂದಿದ್ದರೂ ಬಿಟ್ಟು ಹೋಗುತ್ತಿದ್ದೆನೇನೋ. ಅವಳು ಕರೆದರೆ ಏಳದ ತಾಯಿಯ ಹತ್ತಿರ ಅವಳು ಇರಬಾರದು ಎಂದು ತಣ್ಣಗೆ ಯೋಚಿಸಿದ್ದು ನನಗೆ ನೆನಪಿದೆ.

ಮರುದಿನ ಹೋಗಿದ್ದು ಹಾಸನದ ಆಸ್ಪತ್ರೆಗೆ, ಅತ್ತೆಯ ಕೈಗೆ. ಯಶುವನ್ನು ಎತ್ತಿಕೊಂಡು ನಾನೂ ಹೋದೆ. ಮೂಳೆ ಡಾಕ್ಟರು ಪಟ್ಟಿ ಕಟ್ಟಿಸಿ, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಸೊಸೆಯಾದ ನನಗೆ ಹೇಳತೊಡಗಿದರು. ನನ್ನ ಕಡೆ ನೋಡಿ ಹೇಳುವಾಗ ಸರಿಯಾಗಿ ತಲೆಯಾಡಿಸಿದೆ. ಅವರು ತಿರುಗಿ ಎಕ್ಸರೇ ನೋಡುತ್ತ ಏನೋ ಕೇಳಿದರು. "ಹೂಂ ಸಾರ್" ಎಂದೆ. ಅವರು ಹಿಂದೆ ತಿರುಗಿ ನನ್ನನ್ನು ನೋಡಿದರು. ಮತ್ತೆ ಬೇಕೆಂದೇ ಬೆನ್ನು ತಿರುಗಿಸಿ ಇನ್ನೇನೋ ಕೇಳಿದರು. ಅದಕ್ಕೂ ಹೂಂ ಎಂದೆ.

"ಅಮ್ಮನಿಗೆ ವಯಸ್ಸೆಷ್ಟು ಅಂದ್ರೆ ಹೂಂ ಅಂತೀರಲ್ಲಮ್ಮ. ಕಿವಿ ತೋರಿಸಿದೀರಾ?"

"ತೋರ್ಸೈತೆ ಸಾಮಿ, ಪಾಸಾಗೈತೆ" ಎಂದು ಅತ್ತೆಯೇ ಹೇಳಿದರಂತೆ. ಆದರೂ ಅವರು ಕೆಳಗಿನ ಮಹಡಿಗೆ ಚೀಟಿ ಬರೆದುಕೊಟ್ಟರು. ಮೂಳೆ ನೋಡುವವರು ಕಿವಿ ನೋಡಿದ್ದು ನನ್ನ ಪುಣ್ಯ.

ಕೆಳಗೆ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ನನ್ನ ವಯಸ್ಸಿನವರೇ. ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತು ಮಾತಾಡಿದರು. ಅವರ ಮಾತೆಲ್ಲ ನನಗೆ ತಿಳಿಯಿತು. ಮೊದಲು ಅದೇ ಬಿರಡೆ, ಅದೇ ಟಿಕ್‌ಟಿಕ್. ಪಾಸ್. ಅತ್ತೆ ಮೂಲೆಯ ಬೆಂಚಿನಿಂದ ಲೋಕೇಶರ ಕಡೆ ನೋಡಿದ್ದು ನನಗೆ ಕಂಡಿತು. ಆಮೇಲೆ ತಲೆಗೆ ವೈರು ಅಂಟಿಸಿ ಕಣ್ಣು ಮುಚ್ಚಿ ಮಲಗಿಸಿದರು. ಕಿವಿಗೆ ಬಿಟ್ಟ ಸದ್ದು ಮಿದುಳಿಗೆ ಮುಟ್ಟಿದರೆ ಕಂಪ್ಯೂಟರಿನ ಗೆರೆಗಳಲ್ಲಿ ಏಳು ಬೀಳು ಬರಬೇಕಂತೆ. ಬರಲಿಲ್ಲ. ಎದ್ದು ಕೂತ ಮೇಲೆ ಅವರು ಅತ್ತೆಯನ್ನೂ ಲೋಕೇಶರನ್ನೂ ಹತ್ತಿರ ಕರೆದು ಕೂರಿಸಿಕೊಂಡರು.

"ಈಗ ನಾನು ಹೇಳೋ ಮಾತು ಇವರು ತಿರುಗಿ ಹೇಳ್ತಾರೆ. ನೀವು ಸುಮ್ನೆ ನೋಡ್ತಿರಿ."

ಬಾಯಿಗೆ ಒಂದು ರಟ್ಟು ಅಡ್ಡ ಹಿಡಿದು, ಮನೆಮಾತಿನ ಸಣ್ಣ ಸಣ್ಣ ಪದಗಳನ್ನು ಹೇಳಿದರು. ನಾನು ಕೇಳಿದಷ್ಟನ್ನು ಹೇಳಿದೆ. ಹೇಳುತ್ತ ಹೇಳುತ್ತ ಲೋಕೇಶರ ಮುಖ ಬದಲಾಗುವುದು ಕಂಡಿತು. ಆಮೇಲೆ ರಟ್ಟು ತೆಗೆದು ಅದೇ ಪದಗಳನ್ನು ಅದೇ ದನಿಯಲ್ಲಿ ಹೇಳಿದರು. ಎಲ್ಲ ಸರಿಯಾಯಿತು. ರಟ್ಟು ಹಿಡಿದಾಗ ನಾನು ಹೇಳಿದ್ದರಲ್ಲಿ ಒಂದೂ ಅವರು ಹೇಳಿದ್ದಾಗಿರಲಿಲ್ಲವಂತೆ.

"ಇವರ ಒಳಗಿವಿ ಚೆನ್ನಾಗಿದೆ. ಅದಕ್ಕೇ ಆ ಮಿಷನ್ನಿನಲ್ಲಿ ಪಾಸ್ ಬರೋದು" ಎಂದು ಅವರು ನಿಧಾನವಾಗಿ ಹೇಳಿದರು. "ಕಿವಿಯಿಂದ ಮಿದುಳಿಗೆ ಹೋಗೋ ನರದಲ್ಲಿ ತೊಂದರೆ. ಸದ್ದು ಹೋಗುತ್ತೆ, ಮಾತು ದಾರೀಲೇ ಚೆದುರಿಹೋಗುತ್ತೆ. ಬಸುರಿ ಆದಾಗ ಕೆಲವರಿಗೆ ಜಾಸ್ತಿಯಾಗುತ್ತೆ. ಇವರು ನಾಟಕ ಮಾಡ್ತಿಲ್ಲ."

ಕೊನೆಯ ಮಾತು ಅವರಿಬ್ಬರಿಗೆ ಹೇಳಿದ್ದು. ಆದರೆ ಅದನ್ನು ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವಳು ನಾನು. ನಾನು ನಾಟಕ ಮಾಡುತ್ತಿಲ್ಲ. ವಾಸಿಯಾಗುವ ಔಷಧಿ ಇಲ್ಲ ಎಂದು ಅವರು ಮುಂದೆ ಹೇಳಿದ್ದು ನನ್ನನ್ನು ಅಷ್ಟೇನೂ ತಟ್ಟಲಿಲ್ಲ.

ಲೋಕೇಶ್ ಯಶುವನ್ನು ಎತ್ತಿಕೊಂಡು ಹೊರಗೆ ಹೋದರು. ಕಾರಿಡಾರಿನ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದರು. ಅತ್ತೆ ಬೆಂಚಿನಿಂದ ಎದ್ದು, ಕೊರಳಿಗೆ ತೂಗುಹಾಕಿದ ಕೈಯನ್ನು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತರು.

"ಹಂಗಾರೆ ಅವತ್ತು ನಾನು ಕೂಗಿದ್ದು ನಿಂಗೆ ಏನಂತ ಕೇಳಿಸ್ತು?"

ಸುಳ್ಳು ಹೇಳಲು ನನಗೆ ತ್ರಾಣವಿರಲಿಲ್ಲ. "ಬೈತಿದೀರಿ ಅಂದ್ಕೊಂಡೆ ಅತ್ತೆ. ದಿನಾ ಹಂಗೇ ಕೇಳಿಸೋದು" ಎಂದೆ.

ಅತ್ತೆ ಆಡಿಯಾಲಜಿಸ್ಟ್ ಮಾಡಿದ ಹಾಗೇ ಬಾಯಿ ಬಿಡಿಸಿ, "ನಿನ್ನ ಹೆಸರು ಹಿಡಿದು ಕರೀತಿದ್ದೆ ಕಣೇ" ಎಂದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇರಲಿಲ್ಲ. ಕರೆದ ಒಂದು ದಿನ ನಾನು ತೋಳು ಹೊಲಿಯುತ್ತ ಕೂತಿದ್ದೆ. ತಿಂಗಳುಗಳಿಂದ ಬಾರದ ಅಳು ಆ ಕೋಣೆಯಲ್ಲಿ ಬಂತು. ಅತ್ತೆ ಅಳಬೇಡ ಎನ್ನಲಿಲ್ಲ. ಪಟ್ಟಿ ಕಟ್ಟದ ಕೈಯಿಂದ ಸೆರಗು ಎತ್ತಿ ತಮ್ಮ ಮುಖವನ್ನೇ ಒರೆಸಿಕೊಂಡರು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಕಿವಿಗೆ ಹಾಕುವ ಮಿಷನ್ ಕೊಟ್ಟು ನೋಡಿದರು. ಅದು ಗದ್ದಲವನ್ನು ದೊಡ್ಡದು ಮಾಡಿತೇ ಹೊರತು ಮಾತನ್ನು ತರಲಿಲ್ಲ, ತಿರುಗಿಸಿ ಕೊಟ್ಟೆ. ಇನ್ನೂ ಕೆಟ್ಟರೆ ಆಪರೇಷನ್ ಒಂದಿದೆ ಎಂದಿದ್ದಾರೆ, ಕಾಲ ಬಂದಾಗ ನೋಡೋಣ. ತುಟಿ ಓದುವುದನ್ನು ಕಲಿಸಿದರು, ಅರ್ಧ ನಾನೇ ಕಲಿತಿದ್ದೆ. ಮದುವೆ ಮನೆಗಳಲ್ಲಿ ಈಗಲೂ ಗೋಡೆಯ ಪಕ್ಕ ಕೂತು ಬರುತ್ತೇನೆ. ಆ ಜೋಮು ಪೂರ್ತಿ ಬಿಟ್ಟಿಲ್ಲ. ಒಳ್ಳೆಯ ಸುದ್ದಿಯೂ ಕೆಟ್ಟ ಸುದ್ದಿಯೂ ನನ್ನನ್ನು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಲೋಕೇಶ್ ಕ್ಷಮೆ ಕೇಳಲಿಲ್ಲ, ನಾನೂ ಕೇಳಿಸಿಕೊಳ್ಳಲು ಕಾಯಲಿಲ್ಲ. ಅವರು ನನ್ನ ಹೊಲಿಗೆ ಮಿಷನ್ನನ್ನು ಗೋಡೆ ಕಡೆಯಿಂದ ತಿರುಗಿಸಿ ಬಾಗಿಲಿಗೆ ಎದುರಾಗಿ ಇಟ್ಟುಕೊಟ್ಟರು. ಬರುವವರ ಮುಖ ಈಗ ನನಗೆ ಕಾಣುತ್ತದೆ. ಯಶು ಮಾತಾಡುವ ಮೊದಲು ಸ್ಟೂಲು ಎಳೆದು ತಂದು, ಹತ್ತಿ, ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ. ಅಂಗನವಾಡಿಯ ಟೀಚರಿಗೂ ಹಾಗೇ ಮಾಡುತ್ತಾಳಂತೆ. ದೊಡ್ಡವರೆಲ್ಲರ ಜೊತೆ ಹೀಗೇ ಮಾತಾಡಬೇಕು ಎಂದುಕೊಂಡಿದ್ದಾಳೆ.

ಇದನ್ನು ಓದುವವರಲ್ಲಿ ಯಾರಿಗಾದರೂ ಕಿವಿ ಸರಿ ಇದೆ ಎಂದು ಹೇಳಿ ಕಳಿಸಿದ್ದರೆ, ಆದರೂ ಮಾತು ತಿಳಿಯದಿದ್ದರೆ, ಇನ್ನೊಂದು ಕಡೆ ಹೋಗಿ. ಎಲ್ಲ ಪರೀಕ್ಷೆ ಮಾಡಿ ಎಂದು ಕೇಳಿ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಗೊತ್ತಿಲ್ಲ.

ಅತ್ತೆಯ ಕೈ ಕೂಡಿಕೊಂಡಿದೆ, ಆದರೆ ಮೊದಲಿನ ಬಲ ಇಲ್ಲ. ಅಟ್ಟ ಮತ್ತೆ ನನ್ನದಾಗಿದೆ. ಬೈಯುವುದಿದ್ದರೂ ಈಗ ಎದುರಿಗೆ ಬಂದು ನಿಂತು ಬೈಯುತ್ತಾರೆ, ಹಾಗಾಗಿ ಹಿಂದೆ ತಪ್ಪಿಹೋಗುತ್ತಿದ್ದ ಬೈಗುಳವೆಲ್ಲ ಈಗ ನನಗೆ ಸರಿಯಾಗಿ ಮುಟ್ಟುತ್ತಿದೆ. ಹೋದ ವರ್ಷ ಕೊಬ್ಬರಿ ಒಡೆಯುವಾಗ ಅವರು ಒಂದು ಕಾಯನ್ನು ಎತ್ತಿ ಪಕ್ಕಕ್ಕಿಟ್ಟರು. ಚೆನ್ನಾಗಿ ಗಿಟುಕಾದದ್ದು.

ಅದು ಈಗ ಅವರ ಹಾಸಿಗೆಯ ಪಕ್ಕ, ನೀರಿನ ಚೊಂಬಿನ ಹತ್ತಿರ ಇರುತ್ತದೆ. ನನ್ನನ್ನು ಕರೆಯಬೇಕಾದಾಗ ಅದನ್ನು ಎತ್ತಿ ಅಲ್ಲಾಡಿಸುತ್ತಾರೆ. ಆ ಲೊಟಲೊಟ ಸದ್ದು ನಡುಮನೆಯವರೆಗೆ ಬರುತ್ತದೆ, ನಾನು ಸೂಜಿ ಎತ್ತಿ ಎದ್ದು ಹೋಗುತ್ತೇನೆ. ಕೆಲವು ಸಲ ಹೋದರೆ ಅವರಿಗೆ ಏನೂ ಬೇಕಿರುವುದಿಲ್ಲ. ಆ ಸದ್ದು ಅವರ ಕಿವಿಗೆ ಬೀಳುವುದಿಲ್ಲ, ಅಂಗೈಗಷ್ಟೇ ಗೊತ್ತಾಗುತ್ತದೆ. ಹಾಗಾಗಿ ಅದು ನನ್ನವರೆಗೆ ಹೋಯಿತೋ ಇಲ್ಲವೋ ಎಂದು ಅವರಿಗೆ ತಿಳಿಯುವುದು ನಾನು ಬಾಗಿಲಲ್ಲಿ ಕಂಡಾಗಲೇ.

"ಕೇಳ್ತಾ?" ಎನ್ನುತ್ತಾರೆ.

"ಕೇಳ್ತು ಅತ್ತೆ" ಎನ್ನುತ್ತೇನೆ.